ನಾಲ್ಕು ಮಳೆಗಾಲ ಕಂಡ ನಮ್ಮನೆ ಇಂಕ್ ಟ್ಯಾಂಕ್ ಪ್ರಿಂಟರ್

ಮೊನ್ನೆ ಪ್ರಿಂಟರ್‌ನ ಸ್ಟೇಟಸ್ ಶೀಟ್ ತೆಗೆದು ನೋಡಿದೆ, ಇಲ್ಲೀವರೆಗೆ ಒಟ್ಟು 7420 ಪೇಜ್ ಅಂತ ಬಂತು. 2021ರ ಜೂನ್‌ನಲ್ಲಿ ತಗೊಂಡಿದ್ದು, ಬಾಟ್ಲಿಯಿಂದ ಟ್ಯಾಂಕಿಗೆ ಇಂಕ್ ಸುರಿದು ತುಂಬಿಸೋ ಥರದ್ದು, ಪ್ರಿಂಟು ಸ್ಕ್ಯಾನು ಜೆರಾಕ್ಸು ಮೂರೂ ಆಗುತ್ತೆ, ತೀರ್ಥಹಳ್ಳಿ ಪೇಟೆಯಿಂದ 14 ಕಿಲೋಮೀಟರ್ ಒಳಗಿರೋ ನಮ್ಮ ತೋಟದ ಮನೇಲಿ ನಾಲ್ಕು ಮಳೆಗಾಲ ಕಳೆದಿದೆ. ಮಕ್ಕಳಿಗೆ ಮನೇಲೇ ಪಾಠ ಮಾಡ್ಬೇಕು ಅಂತ ಹೊರಟೋರು ಯಾರೇ ಸಿಕ್ಕಿದ್ರೂ ಸಿಲಬಸ್ ಗಿಲಬಸ್ ಆಮೇಲೆ, ಮೊದಲು ಕೇಳೋದೇ "ಅಕ್ಕಾ, ಯಾವ ಪ್ರಿಂಟರ್ ತಗೊಳ್ಳಲಿ" ಅಂತ. ಒಬ್ಬೊಬ್ರಿಗೆ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಬರೆದು ಹಾಕ್ತಿದ್ದೀನಿ. ಕಂಪನಿ ಹೆಸರು ಬೇಡ ಬಿಡಿ, ನಮ್ಮ ಪರಿಚಯದ ಮನೆಗಳಲ್ಲಿ ಬೇರೆ ಬೇರೆ ಕಂಪನಿದು ಇದೆ, ಎಲ್ಲಾದರ ಬುದ್ಧಿನೂ ಹೆಚ್ಚು ಕಮ್ಮಿ ಒಂದೇ.

ಕೊರೋನಾ ಟೈಮಲ್ಲಿ ಸ್ಕೂಲ್ ಮುಚ್ಚಿದ್ದಾಗ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಸಿಗ್ಬೇಕು ಅಂದ್ರೆ ಮನೆ ಹಿಂದಿನ ಗುಡ್ಡ ಹತ್ತಿ ಗೇರುಮರದ ಬುಡದಲ್ಲಿ ಕೂರ್ಬೇಕಿತ್ತು, ಮಳೇಲಿ ಒಂದು ಕೈಲಿ ಕೊಡೆ ಒಂದು ಕೈಲಿ ಮೊಬೈಲ್ ಹಿಡ್ಕೊಂಡು ನಾನು ನಿಲ್ತಿದ್ದೆ, ಅವಳು ಇಂಬಳ ಕೀಳ್ತಾ "ಪ್ರೆಸೆಂಟ್ ಮಿಸ್" ಅಂತಿದ್ಲು. ಸಾಗರದ ಕಡೆ ನಮ್ಮಂಗೇ ಮನೇಲಿ ಕಲಿಸೋ ಒಬ್ರು ಅಕ್ಕ ಇದ್ದಾರೆ, ಅವರು ಹೇಳಿದ್ರು, "ಮೊಬೈಲ್ ಹಿಡ್ಕೊಂಡು ಗುಡ್ಡ ಹತ್ತೋದು ಬಿಡು ಮಾರಾಯ್ತಿ, ಒಂದು ಸಲ ನೆಟ್ ಸಿಕ್ಕಾಗ ಪಿಡಿಎಫ್ ಇಳಿಸ್ಕೋ, ಪ್ರಿಂಟ್ ತೆಗೆದು ಕೊಡು" ಅಂತ. ಸ್ಕೂಲ್ ತೆಗೆದ ಮೇಲೂ ನಾವು ವಾಪಸ್ ಕಳಿಸಲಿಲ್ಲ, ಅದು ಬೇರೆ ಕತೆ, ನಮ್ಮತ್ತೆ ಈಗಲೂ ನೆಂಟರ ಹತ್ರ ಆ ಮಾತು ಬಂದ್ರೆ ಕಾಫಿ ಮಾಡೋ ನೆಪದಲ್ಲಿ ಎದ್ದು ಒಳಗೆ ಹೋಗ್ತಾರೆ.

ಲೇಸರ್ ತಗೊಳ್ಳೋಣ ಅಂತಿದ್ರು ನಮ್ಮನೆಯವರು, ಇಂಕ್ ಒಣಗೋ ತಲೆಬಿಸಿ ಇರಲ್ಲ ಅಂತ. ಅದು ನಿಜಾನೇ. ಆದ್ರೆ ಲೇಸರ್ ಒಳಗೆ ಪುಡಿನ ಹಾಳೆ ಮೇಲೆ ಕಾಯಿಸಿ ಅಂಟಿಸೋದು, ಆ ಹೊತ್ತಿಗೆ ನೂರಾರು ವ್ಯಾಟ್ ಒಂದೇ ಸಲ ಎಳೆಯುತ್ತೆ, ಹಳೇ ಇನ್ವರ್ಟರ್ ಕುಂಯ್ ಅಂದು ಟ್ರಿಪ್ ಆಗುತ್ತೆ. ಇಂಕಿನದ್ದು ಒಂದು ಎಲ್‌ಇಡಿ ಬಲ್ಬಿನಷ್ಟೋ ಎರಡು ಬಲ್ಬಿನಷ್ಟೋ ತಿಂದ್ರೆ ಹೆಚ್ಚು. ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಇನ್ವರ್ಟರ್ ಮೇಲೆ ಬದುಕೋರಿಗೆ ಇದೊಂದೇ ಕಾರಣ ಸಾಕು. ಶರಾವತಿ ನಮ್ಮ ಜಿಲ್ಲೇಲಿ ಹರೀತಾಳೆ, ಲಿಂಗನಮಕ್ಕಿ ಕಟ್ಟಿ ಅರವತ್ತು ವರ್ಷ ಆಯ್ತು, ಕರೆಂಟ್ ಹುಟ್ಟೋದು ಇಲ್ಲೇ, ಇರೋದು ಮಾತ್ರ ಬೆಂಗಳೂರಲ್ಲಿ. ಹೋಗ್ಲಿ.

ಈಗ ಮಳೆ ವಿಷಯ. ಇದನ್ನ ಯಾವ ಬಾಕ್ಸ್ ಮೇಲೂ ಬರೆದಿರಲ್ಲ. ಪುನರ್ವಸು ಪುಷ್ಯ ಮಳೆ ಹಿಡ್ಕೊಂಡ್ರೆ ನಮ್ಮಲ್ಲಿ ಹಪ್ಪಳ ಮೆತ್ತಗಾಗುತ್ತೆ, ಚಪ್ಪಲಿಗೆ ಬೂಸ್ಟು ಬರುತ್ತೆ, ಇನ್ನು ಪೇಪರ್ ಯಾವ ಲೆಕ್ಕ. ಹಾಳೆ ಗಾಳಿಯಲ್ಲಿರೋ ತೇವ ಎಳ್ಕೊಂಡು ಅಂಚು ಅಲೆ ಅಲೆ ಆಗುತ್ತೆ, ಒಂದಕ್ಕೊಂದು ಅಂಟುತ್ತೆ, ಪ್ರಿಂಟರ್ ಒಂದು ಎಳೆಯೋಕೆ ಹೋಗಿ ಮೂರು ಎಳೆಯುತ್ತೆ, ಆಮೇಲೆ ಕೆಂಪು ಲೈಟು, ಹಿಂದಿನ ಮುಚ್ಚಳ ತೆಗೆದು ಚೂರು ಚೂರಾಗಿ ಕೀಳೋದು. ಮೊದಲನೇ ವರ್ಷ ಜುಲೈ ಇಡೀ ಇದೇ ಕೆಲಸ. ರೋಲರ್ ಹಾಳಾಗಿದೆ ಅಂದ್ಕೊಂಡು ಶಿವಮೊಗ್ಗಕ್ಕೆ ಹೊತ್ಕೊಂಡು ಹೋದೆ, ರಿಪೇರಿಯವರು ಅವರ ಅಂಗಡೀಲಿದ್ದ ಹಾಳೆ ಹಾಕಿ ತೋರ್ಸಿದ್ರು, ಬೆಣ್ಣೆ ಥರ ಹೋಯ್ತು, ನಾನು ಮಂಗ ಆಗಿ ವಾಪಸ್ ಬಂದೆ.

ಆಮೇಲೆ ಕೊಪ್ಪದ ಕಡೆಯ ಇನ್ನೊಂದು ಮನೆಯವರು ಹೇಳಿಕೊಟ್ಟ ಉಪಾಯ ಇದು, ಈಗ್ಲೂ ಮಾಡೋದು ಇದನ್ನೇ. ರೀಮ್ ಬಿಚ್ಚಿದ್ರೆ ಟ್ರೇಲಿ ಇಡೋ ಹಂಗೇ ಇಲ್ಲ. ಇಡೀ ಕಟ್ಟು ಚಕ್ಲಿ ಡಬ್ಬಿಗೆ, ಅಂದ್ರೆ ದೊಡ್ಡ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ, ತಳದಲ್ಲಿ ಬಾಣಲೇಲಿ ಬೆಚ್ಚಗೆ ಹುರಿದ ಒಂದು ಪಾವು ಅಕ್ಕಿ ಬಟ್ಟೇಲಿ ಗಂಟು ಕಟ್ಟಿ. ಬೇಕಾದಾಗ ಹತ್ತೇ ಹಾಳೆ ತೆಗೆದು, ಬೀಸಣಿಗೆ ಥರ ಒಂದ್ಸಲ ಬಿಡಿಸಿ ಹಾಕೋದು, ಉಳಿದಿದ್ದು ವಾಪಸ್ ಡಬ್ಬಿಗೆ. ಅಕ್ಕಿ ಹದಿನೈದು ದಿನಕ್ಕೊಮ್ಮೆ ಮತ್ತೆ ಹುರೀಬೇಕು. 70 ಜಿಎಸ್‌ಎಂ ಪೇಪರ್ ಮಳೆಗಾಲಕ್ಕೆ ಬೇಡವೇ ಬೇಡ, 75 ಆದ್ರೂ ಇರಲಿ (ಜಿಎಸ್‌ಎಂ ಅಂದ್ರೆ ಹಾಳೆಯ ತೂಕದ ಲೆಕ್ಕ, ಹೆಚ್ಚಿದ್ದಷ್ಟೂ ಹಾಳೆ ದಪ್ಪ). ಒಮ್ಮೆ ಅತ್ತೆ ಬಚ್ಚಲ ಒಲೆ ಮೇಲೆ ಇಟ್ಟು ಒಣಗಿಸ್ತೀನಿ ಅಂತ ಒಂದು ಕಟ್ಟು ಒಯ್ದಿದ್ರು, ಒಣಗಿದ್ದೇನೋ ಒಣಗ್ತು, ಆ ಗಣಿತದ ಹಾಳೆಗಳು ಇವತ್ತಿಗೂ ಹೊಗೆ ವಾಸನೆ ಹೊಡೀತಾವೆ.

ಎರಡನೇದು ಇಂಕ್ ಹೆಡ್, ಅಂದ್ರೆ ಹಾಳೆ ಮೇಲೆ ಇಂಕ್ ಚಿಮ್ಮಿಸೋ ಭಾಗ. ಕರೆಂಟ್ ಹೋದಾಗ ಹೋಗ್ಲಿ ಬಿಡು ಅಂತ ಗೋಡೆ ಸ್ವಿಚ್ ಆರಿಸೋ ಅಭ್ಯಾಸ ನಮಗೆಲ್ಲ ಇದೆಯಲ್ಲ, ಅದು ಇದಕ್ಕೆ ವಿಷ. ಪ್ರಿಂಟರ್ ಮೇಲಿನ ಬಟನ್ ಒತ್ತಿದ್ರೆ ಹೆಡ್ ತನ್ನ ಮೂಲೆಗೆ ಹೋಗಿ ಟೋಪಿ ಹಾಕ್ಕೊಂಡು ಕೂರುತ್ತೆ, ಗೋಡೆ ಸ್ವಿಚ್ ಆರಿಸಿದ್ರೆ ನಡು ದಾರೀಲೇ ಬಾಯಿ ತೆಕ್ಕೊಂಡು ನಿಂತು ಇಂಕ್ ಒಣಗುತ್ತೆ. 2022ರ ಬೇಸಿಗೇಲಿ ನಾವು ಮೂರು ವಾರ ತವರಿಗೆ ಹೋಗಿದ್ವಿ, ಸಿಡಿಲು ಭಯಕ್ಕೆ ಎಲ್ಲಾ ಸ್ವಿಚ್ ಆರಿಸಿ ಹೋಗಿದ್ದು, ಬಂದು ನೋಡಿದ್ರೆ ನೀಲಿ ಬಣ್ಣನೇ ಇಲ್ಲ, ಆಕಾಶ ಎಲ್ಲ ಗುಲಾಬಿ. ಹೆಡ್ ಕ್ಲೀನಿಂಗ್ ಅಂತ ಒಂದು ಆಪ್ಷನ್ ಇರುತ್ತೆ, ನಾನು ಸಿಟ್ಟಲ್ಲಿ ಒಂಬತ್ತು ಸಲ ಒತ್ತಿದೆ. ಒತ್ತಿದಾಗೆಲ್ಲ ಒಳ್ಳೇ ಇಂಕ್ ಹೀರಿ ತಳದಲ್ಲಿರೋ ಒಂದು ಸ್ಪಂಜಿಗೆ ಸುರಿಯುತ್ತೆ ಅಂತ ಆಮೇಲೆ ಗೊತ್ತಾಗಿದ್ದು, ಆ ಸ್ಪಂಜ್ ತುಂಬಿದ್ರೆ ಪ್ರಿಂಟರ್ರೇ ಮುಷ್ಕರ ಹೂಡುತ್ತೆ. ಕೊನೆಗೆ ರಿಪೇರಿಗೆ 1800 ಕೊಟ್ಟೆ. ಕ್ಲೀನಿಂಗ್ ಎರಡು ಸಲ ಮಾಡಿ, ಒಂದು ರಾತ್ರಿ ಸುಮ್ಮನೆ ಬಿಡಿ, ಬೆಳಿಗ್ಗೆ ನಾಝಲ್ ಚೆಕ್, ಅಂದ್ರೆ ಎಲ್ಲಾ ಬಣ್ಣ ಬರ್ತಿದೆಯಾ ಅಂತ ನೋಡೋ ಪರೀಕ್ಷೆ ಹಾಳೆ ತೆಗೀರಿ, ಎಷ್ಟೋ ಸಲ ತಾನೇ ಬಿಟ್ಕೊಳ್ಳುತ್ತೆ. ವಾರಕ್ಕೊಂದಾದ್ರೂ ಕಲರ್ ಪೇಜ್ ತೆಗೀಲೇಬೇಕು, ನಮ್ಮನೇಲಿ ಶನಿವಾರ ಮಗನ ಕೆಲಸ ಅದು.

ಕನ್ನಡ ಪ್ರಿಂಟಿಗೆ ಒಂದು ಮಾತು. ಇಂಕ್ ಉಳಿಸೋಕೆ ಡ್ರಾಫ್ಟ್ ಮೋಡ್ ಹಾಕಿ ಅಂತ ಎಲ್ರೂ ಹೇಳ್ತಾರೆ, ಇಂಗ್ಲಿಷಿಗೆ ಸರಿ, ಕನ್ನಡಕ್ಕೆ ಬೇಡ. ಒತ್ತಕ್ಷರ ಎಲ್ಲ ಇರುವೆ ಸತ್ತಂಗೆ ಕಾಣುತ್ತೆ, ಮಹಾಪ್ರಾಣದ ಸೀಳು ಮಾಯ ಆಗುತ್ತೆ. ಮಗ ಒಂದಿನ ಜೋರಾಗಿ ಓದ್ತಿದ್ದ, "ಸಾಹುಕಾರನ ಹತ್ತಿರ ತುಂಬಾ ದನ ಇತ್ತು, ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದನು". ಪೆಟ್ಟಿಗೇಲಿ ದನ ಹೆಂಗೆ ಹಿಡೀತು ಅಂತ ಅವನಿಗೇ ಡೌಟ್ ಬಂದು ಕೊಟ್ಟಿಗೆ ಕಡೆ ನೋಡ್ತಿದ್ದಾನೆ. ಹಾಳೆ ಈಸ್ಕೊಂಡು ನೋಡಿದ್ರೆ ಧನ. ಅವತ್ತಿಂದ ಚಿಕ್ಕೋನಿಗೆ ಕೊಡೋದೆಲ್ಲ ನಾರ್ಮಲ್ ಮೋಡ್, ಅಕ್ಷರ 16 ಪಾಯಿಂಟ್. ಮತ್ತೆ ಯಾರಾದ್ರೂ ನುಡಿ ತಂತ್ರಾಂಶದ ಹಳೇ ಫಾಂಟಲ್ಲಿ (ಯುನಿಕೋಡ್ ಅಲ್ಲದ್ದು) ಟೈಪ್ ಮಾಡಿದ ವರ್ಡ್ ಫೈಲ್ ಕಳಿಸಿದ್ರೆ ಮೊಬೈಲಿಂದ ಪ್ರಿಂಟ್ ಕೊಡ್ಬೇಡಿ, ಬರೀ ಕಸ ಬರುತ್ತೆ, ಪಿಡಿಎಫ್ ಮಾಡಿ ಕಳಿಸಿ ಅಂತ ಹೇಳಿ.

ಏನು ಪ್ರಿಂಟ್ ಮಾಡಿದ್ವಿ ಅನ್ನೋದು ಇದಕ್ಕಿಂತ ದೊಡ್ಡ ವಿಷಯ. ಆ 7420ರಲ್ಲಿ ಮೊದಲನೇ ವರ್ಷದ್ದೇ 3860. ಎರಡನೇ ವರ್ಷ 1900, ಆಮೇಲೆ 1050, ಕಳೆದ ವರ್ಷ 610. ನಾನು ಗೋಡೆ ಕ್ಯಾಲೆಂಡರ್ ಹಿಂದೆ ಬರೆದಿಟ್ಕೊಂಡಿದ್ದೆ. ಮೊದಲ ವರ್ಷ ಭಯ ಮಾರಾಯ್ರೆ, ಬೇರೇನಲ್ಲ. ಮಕ್ಕಳು ಹಿಂದೆ ಬೀಳ್ತಾರೆ ಅನ್ನೋ ಭಯ. ಸರ್ಕಾರದ ಪಠ್ಯಪುಸ್ತಕ ಪಿಡಿಎಫ್ ಫ್ರೀ ಸಿಗುತ್ತೆ ಅಂತ ಇಡೀ ಪುಸ್ತಕಾನೇ ಪ್ರಿಂಟ್ ಹಾಕಿದ್ದೆ, ಆ ಇಂಕಿನ ದುಡ್ಡಲ್ಲಿ ಪೇಟೇಲಿ ಪುಸ್ತಕಾನೇ ಬರ್ತಿತ್ತು, ಪಕ್ಕದ ಮನೆ ಹುಡುಗಂದು ಹಳೇದು ಕೇಳಿದ್ರೆ ಆ ದುಡ್ಡೂ ಬೇಡ. ಪುಸ್ತಕದಲ್ಲಿರೋ ಕ್ಯೂಆರ್ ಕೋಡ್‌ನ ದೀಕ್ಷಾ ಆ್ಯಪಲ್ಲಿ ಸ್ಕ್ಯಾನ್ ಮಾಡಿದ್ರೆ ವಿಡಿಯೋನೂ ಸಿಗುತ್ತೆ. ಬೆಳಿಗ್ಗೆ ಆರು ವರ್ಕ್‌ಶೀಟ್, ಮಧ್ಯಾಹ್ನ ನಾಲ್ಕು, ಮಗಳು ಗೆರೆ ಎಳೆದು ಜೋಡಿಸಿ, ಬಿಟ್ಟ ಸ್ಥಳ ತುಂಬಿ, ಹತ್ತು ನಿಮಿಷಕ್ಕೆ ಮುಗಿಸಿ "ಆಯ್ತಮ್ಮಾ" ಅಂತ ತೋಟಕ್ಕೆ ಓಡ್ತಿದ್ಲು. ನಾನು ಮತ್ತೆ ಪ್ರಿಂಟ್ ಹಾಕ್ತಿದ್ದೆ.

ಆಗಿದ್ದು ಏನು ಅಂದ್ರೆ, ಅನುಪಾತದ ವರ್ಕ್‌ಶೀಟು ಒಂದು ವಾರ ಕೊಟ್ರೂ ಅವಳ ತಲೆಗೆ ಹತ್ತಿರಲಿಲ್ಲ. ಜೂನ್‌ನಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋ ದಿನ ಅವಳ ಅಪ್ಪ ಬೋರ್ಡೋ ದ್ರಾವಣ ಕಲಸ್ತಿದ್ರು, ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ ಒಂದು ಕೇಜಿ ಸುಣ್ಣ, ನಮ್ಮ ಬ್ಯಾರಲ್ಲು 200 ಲೀಟರ್‌ದು, ಅದೂ ಮುಕ್ಕಾಲು ಮಾತ್ರ ತುಂಬೋದು, ಹಂಗಾದ್ರೆ ಎಷ್ಟು ಹಾಕ್ಲಿ ಅಂತ ಅವರು ಇವಳನ್ನೇ ಕೇಳಿದ್ರು. ಕೈಬೆರಳಲ್ಲಿ ಲೆಕ್ಕ ಹಾಕಿ "ಒಂದೂವರೆ, ಒಂದೂವರೆ" ಅಂದ್ಲು. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡೋದು ತೋರ್ಸಿದ್ರು, ಚಾಕಿನ ಮೇಲೆ ಕೆಂಪು ಬಣ್ಣ ಕೂತ್ರೆ ಸುಣ್ಣ ಸಾಲದು ಅಂತ. ಆ ಕೆಂಪು ಎಲ್ಲಿಂದ ಬಂತು ಅಂತ ಶುರುವಾಗಿದ್ದು ತಾಮ್ರ, ಕಬ್ಬಿಣ, ಆಮ್ಲ, ಸುಣ್ಣ ಅಂತ ಒಂದು ತಿಂಗಳು ಹೋಯ್ತು. ಬೋರ್ಡೋ ಅಂದ್ರೆ ಫ್ರಾನ್ಸಿನ ಊರು, ಅಲ್ಲಿ ದ್ರಾಕ್ಷಿ ರೋಗಕ್ಕೆ ಕಂಡುಹಿಡಿದಿದ್ದು ಅಂತ ಭೂಪಟ ಬಿಚ್ಚಿ ಹುಡುಕಿದ್ವಿ. ಆ ತಿಂಗಳು ಪ್ರಿಂಟ್ ಆಗಿದ್ದು ಹನ್ನೊಂದು ಹಾಳೆ.

ಹಂಗಂತ ಪ್ರಿಂಟರ್ ಬೇಡ ಅಂತಲ್ಲ. ಈಗ ತೆಗೆಯೋದು ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನ ಕನ್ನಡ ಕತೆಗಳು, ಪ್ರಥಮ್ ಬುಕ್ಸ್‌ನವರದ್ದು, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕ್ಕೊಳ್ಳಿ ಅಂತ ಅವರೇ ಬಿಟ್ಟಿದ್ದಾರೆ, ಮಗನಿಗೆ ಅಂಗೈ ಅಗಲದ ಪುಸ್ತಕ ಮಾಡಿ ಹೊಲಿದು ಕೊಡ್ತೀನಿ. ಮತ್ತೆ ಗ್ರಾಫ್ ಹಾಳೆ. ಅಂಗಳದಲ್ಲಿ ಮಳೆ ಅಳತೆ ಡಬ್ಬಿ ಇದೆ, ದಿನಾ ಬೆಳಿಗ್ಗೆ ಎಂಟೂವರೆಗೆ ಮಗಳು ಅಳೀತಾಳೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು ಅಂತ ಗೊತ್ತಾದ ದಿನ ನಮ್ಮ ಹಂಚಿನ ಮಾಡಿಂದ ಎಷ್ಟು ನೀರು ಇಳೀತು ಅಂತ ಲೆಕ್ಕ ಹಾಕಿ ಅಜ್ಜನಿಗೆ ಹೇಳೋಕೆ ಓಡಿದ್ಲು. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತೆ, ನಮ್ಮದು ಯಾಕೆ ಅಷ್ಟಿಲ್ಲ ಅಂತ ಅವಳಿಗೆ ಬೇಜಾರು ಬೇರೆ.

ಸ್ಕ್ಯಾನರ್ ಇಷ್ಟು ಬಳಕೆಗೆ ಬರುತ್ತೆ ಅಂದ್ಕೊಂಡಿರಲಿಲ್ಲ. ಜರೀಗಿಡದ ಎಲೆನ ಗಾಜಿನ ಮೇಲೆ ಬೋರಲು ಹಾಕಿ, ಮೇಲೆ ಕಪ್ಪು ಬಟ್ಟೆ ಮುಚ್ಚಿ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ ಲೆಕ್ಕ) ಸ್ಕ್ಯಾನ್ ಮಾಡಿದ್ರೆ ಎಲೆ ಹಿಂಬದಿಯ ಬೀಜಕದ ಚುಕ್ಕಿ ಒಂದೊಂದೂ ಎಣಿಸಬಹುದು. ಒಂದೆಲಗ, ಕೆಸ, ಕಾಳುಮೆಣಸು ಎಲ್ಲ ಆಗಿದೆ. ಹಲಸಿನೆಲೆ ಮಾತ್ರ ಕಿತ್ತ ತಕ್ಷಣ ಇಡಬೇಡಿ, ಮೇಣ ಗಾಜಿಗೆ ಮೆತ್ತುತ್ತೆ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ ಮೇಲೇ ಹೋಗಿದ್ದು. ಮಕ್ಕಳು ಬರೆದಿದ್ದು, ಚಿತ್ರ, ಎಲ್ಲಾ ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ತಾರೀಕು ಹಾಕಿ ಇಡಿ, ಕಾಗದದ ಮೂಲ ಪ್ರತಿ ಗೆದ್ದಲಿಗೆ. ಮುಂದೆ 14 ತುಂಬಿದ ಮೇಲೆ ಎನ್‌ಐಒಎಸ್‌ನಲ್ಲಿ, ಅಂದ್ರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಸಂಸ್ಥೇಲಿ, ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಿಸೋ ಯೋಚನೆ ಇದೆ, ಅಲ್ಲೀವರೆಗೆ ಮಗಳು ಏನು ಮಾಡಿದ್ಲು ಅಂತ ಕೇಳೋರಿಗೆ ತೋರ್ಸೋಕೆ ನನ್ನ ಹತ್ರ ಇರೋದು ಇದೇ.

ದುಡ್ಡಿನ ಲೆಕ್ಕ ಕೇಳ್ತೀರಿ, ಹೇಳ್ತೀನಿ. ಪ್ರಿಂಟರ್ 12500. ಜೊತೆಗೆ ಬಂದ ಬಾಟ್ಲಿ ಬಿಟ್ಟು ಇಂಕಿಗೆ 2300. ಎರಡೂ ಮಗ್ಗುಲು ಪ್ರಿಂಟ್ ಹಾಕಿದ್ರೂ ಪೇಪರ್‌ಗೆ ಸುಮಾರು 2500. ರಿಪೇರಿ 1800. ಒಟ್ಟು 19100, ಪೇಜಿಗೆ ಎರಡೂವರೆ ರೂಪಾಯಿ ದಾಟ್ತು. ತೀರ್ಥಹಳ್ಳೀಲಿ ಜೆರಾಕ್ಸ್ ಅಂಗಡಿಯವರು ಎರಡು ರೂಪಾಯಿ ತಗೊಳ್ತಾರೆ. ಪೇಜಿಗೆ ಹತ್ತು ಪೈಸೆ ಅನ್ನೋ ಜಾಹೀರಾತಿನ ಲೆಕ್ಕದಲ್ಲಿ ಇಂಕ್ ಮಾತ್ರ ಇರುತ್ತೆ, ಮಿಷನ್ನು, ಹಾಳೆ, ನಮ್ಮ ದಡ್ಡತನದ ರಿಪೇರಿ ಇರಲ್ಲ. ಕಲರ್‌ಗೆ ಅಂಗಡೀಲಿ ಹತ್ತು ರೂಪಾಯಿ, ಆ ಲೆಕ್ಕದಲ್ಲಿ ನಮಗೆ ಸ್ವಲ್ಪ ಉಳೀತು ಅನ್ಕೋಬಹುದು. ಪೇಟೇಲೇ ಮನೆ ಇರೋರು ತಗೊಳ್ಳೋದು ಬೇಡ ಅಂತ ನನ್ನ ಅಭಿಪ್ರಾಯ. ನಮ್ಮಂಗೆ ದಿನಕ್ಕೆರಡು ಬಸ್ ಬರೋ ಊರಲ್ಲಿ ಇರೋರು ತಗೊಳ್ಳಿ, ಅದೂ ಹತ್ತಿರದ ಎರಡು ಮೂರು ಮನೆ ಸೇರಿ ಒಂದು. ಮಿಷನ್ ದಿನಾ ಓಡುತ್ತೆ, ಹೆಡ್ ಒಣಗಲ್ಲ, ಮೊದಲ ವರ್ಷದ ಹುಚ್ಚಿಗೂ ಒಂದು ಕಡಿವಾಣ ಇರುತ್ತೆ, ಪಕ್ಕದ ಮನೆಗೆ ಹೋಗಿ ದಿನಾ ಹತ್ತು ವರ್ಕ್‌ಶೀಟ್ ಪ್ರಿಂಟ್ ಹಾಕೋಕೆ ಯಾರಿಗಾದ್ರೂ ನಾಚಿಕೆ ಆಗುತ್ತೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಿತ್ಕೊಂಡಿದ್ದು ಹಿಂದಿನ ಪೇಪರ್ ಟ್ರೇಗೆ, ಅದಕ್ಕೆ ಸರಿಯಾದ ಮುಚ್ಚಳ ಕೊಟ್ಟಿಲ್ಲ. ನಾನು ಹಳೇ ಪಂಚೆ ಹೊದಿಸಿ ಇಡ್ತೀನಿ, ಆದ್ರೂ ಹೋದ ವಾರ ಶನಿವಾರದ ಕಲರ್ ಪೇಜ್ ತೆಗೆಯೋಕೆ ಹೋದ ಮಗ "ಅಮ್ಮಾ ಪ್ರಿಂಟ್ ಕೊಡ್ಬೇಡ" ಅಂತ ಕೂಗಿದ. ಟ್ರೇ ಸಂದೀಲಿ ಹಲ್ಲಿ ಎರಡು ಮೊಟ್ಟೆ ಇಟ್ಟಿದೆ, ಬೆಳ್ಳಗೆ, ಹೆಚ್ಚು ಕಮ್ಮಿ ಕಡಲೆ ಕಾಳಿನಷ್ಟು. ಇಬ್ರೂ ಸೇರಿ ಒಂದು ನೋಟ್‌ಬುಕ್ ಮಾಡಿ ದಿನಾ ಎರಡು ಹೊತ್ತು ಟಾರ್ಚ್ ಹಾಕಿ ನೋಡಿ ಬರೀತಿದ್ದಾರೆ, ಪ್ರಿಂಟರ್ ಮೇಲೆ "ಮುಟ್ಟಬಾರದು" ಅಂತ ಚೀಟಿ ಬೇರೆ ಅಂಟಿಸಿದ್ದಾರೆ. ಮರಿ ಆಗೋಕೆ ಇನ್ನೂ ಒಂದೂವರೆ ತಿಂಗಳೋ ಎರಡು ತಿಂಗಳೋ ಬೇಕಂತೆ. ನೀಲಿ ಇಂಕ್ ಮತ್ತೆ ಒಣಗುತ್ತೆ ಅಂತ ನನಗೆ ತಲೆಬಿಸಿ, ಅವರಪ್ಪ ನಗ್ತಿದ್ದಾರೆ. ನಿನ್ನೆ ಆಧಾರ್ ಕಾಪಿ ಬೇಕಿತ್ತು, ಬೆಳಗಿನ ಬಸ್ಸಿಗೆ ಪೇಟೆಗೆ ಹೋಗಿ ಎರಡು ರೂಪಾಯಿ ಕೊಟ್ಟು ಬಂದೆ.