ಡ್ರೈವರ್ ಸರಿ ಮಾಡೋದಾ, ಚಿಪ್ ಕಲಿಯೋದಾ? ಎರಡಕ್ಕೂ ಮೂರು ಮೂರು ತಿಂಗಳು ಕೊಟ್ಟು ನೋಡಿದೆ

ಡ್ರೈವರ್ ಅಂದರೆ ಗಾಲ್ಫ್‌ನಲ್ಲಿ ಅತಿ ದೂರ ಹೊಡೆಯುವ ಕ್ಲಬ್. ನನ್ನ ಡ್ರೈವರ್ ಹೊಡೆತ ಬಲಕ್ಕೆ ಬಾಗಿ ಹೋಗುತ್ತದೆ, ಇದಕ್ಕೆ ಸ್ಲೈಸ್ ಅಂತಾರೆ. ಆರು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ, ಆ ಸ್ಲೈಸ್ ಇನ್ನೂ ಪೂರ್ತಿ ಬಿಟ್ಟಿಲ್ಲ. ಕೆಲಸ, ಮನೆ ಎರಡೂ ಬೆಂಗಳೂರಿನಲ್ಲೇ. ಶನಿವಾರ ಬೆಳಿಗ್ಗೆ ಒಂದು ಸುತ್ತು ಆಟ, ಬುಧವಾರ ಆಫೀಸಿಗೆ ಮುಂಚೆ ಒಂದೂವರೆ ಗಂಟೆ ಅಭ್ಯಾಸ. ವಾರಕ್ಕೆ ನನಗೆ ಸಿಗೋದು ಇಷ್ಟೇ. ಆ ಒಂದೂವರೆ ಗಂಟೆಯನ್ನು ಯಾವುದಕ್ಕೆ ಕೊಟ್ಟರೆ ಸ್ಕೋರ್ ಇಳಿಯುತ್ತದೆ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೊನೆಗೆ ನಾನೇ ಮಾಡಿ ನೋಡಿದೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರೀ ಡ್ರೈವರ್. ಜನವರಿಯಿಂದ ಮಾರ್ಚ್‌ವರೆಗೆ ಬರೀ ಗ್ರೀನ್ (ಹೋಲ್ ಇರುವ ನುಣ್ಣನೆಯ ಹುಲ್ಲಿನ ಜಾಗ) ಸುತ್ತಮುತ್ತಲಿನ ಆಟ: ಗ್ರೀನ್ ಪಕ್ಕದಿಂದ ಹೊಡೆಯುವ ಸಣ್ಣ ಹೊಡೆತ ಚಿಪ್, ಗ್ರೀನ್ ಮೇಲೆ ಚೆಂಡನ್ನು ಹೋಲ್ ಕಡೆ ಉರುಳಿಸುವುದು ಪಟ್. ಕೋರ್ಸ್ ಅದೇ, ಟೀ (ಹೋಲ್‌ನ ಮೊದಲ ಹೊಡೆತದ ಜಾಗ) ಅದೇ, ಪಾರ್ (ಇಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನುವ ಲೆಕ್ಕ) 72. ಶುರು ಮಾಡುವಾಗ ನನ್ನ ಸರಾಸರಿ 106 ಹೊಡೆತ ಇತ್ತು.

ಮೊದಲು ಡ್ರೈವರ್. ಪ್ರತಿ ಬುಧವಾರ ಎರಡು ಬಕೆಟ್ ಚೆಂಡು, ತಿಂಗಳಿಗೆ ಎರಡು ಸಲ ಕೋಚ್. ಹಿಡಿತ ಸ್ವಲ್ಪ ಬಲಕ್ಕೆ ತಿರುಗಿಸಿದರು, ಭುಜ ಎಡಕ್ಕೆ ತೆರೆದುಕೊಳ್ಳುತ್ತಿದ್ದದ್ದನ್ನು ತಿದ್ದಿದರು. ರೇಂಜ್‌ನಲ್ಲಿ ನಿಜಕ್ಕೂ ಚೆನ್ನಾಗಿ ಹೋಗುತ್ತಿತ್ತು. ದೂರ ಹತ್ತು ಯಾರ್ಡ್ ಜಾಸ್ತಿಯಾಯಿತು. ಆದರೆ ಶನಿವಾರ ಮೊದಲ ಟೀ ಮೇಲೆ ನಿಂತಾಗ ಬಲಗಡೆ ಮರ ಕಾಣುತ್ತದೆ, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಆಗ ಹಳೇ ಬೀಸೇ ಬರುತ್ತದೆ. ಡ್ರೈವ್ ಮಾಡುವ 14 ಹೋಲ್‌ಗಳಲ್ಲಿ ಮೊದಲು ನಾಲ್ಕು ಫೇರ್‌ವೇ (ನಡುವಿನ ಕತ್ತರಿಸಿದ ಹುಲ್ಲಿನ ದಾರಿ) ಸಿಗುತ್ತಿತ್ತು, ಡಿಸೆಂಬರ್ ಕೊನೆಗೆ ಐದು. ಸರಾಸರಿ 104.

ಇದರಿಂದ ಏನೂ ಬರಲಿಲ್ಲ ಅಂತ ಹೇಳಲಾರೆ. ಕೋರ್ಸ್‌ನ ಗಡಿ ತೋರಿಸುವ ಬಿಳಿ ಗೂಟದ ಆಚೆ ಹೋಗುವ ಚೆಂಡು ಕಡಿಮೆಯಾಯಿತು. ಅದು ದೊಡ್ಡದೇ. ಬಿಳಿ ಗೂಟ ದಾಟಿದರೆ ಒಂದು ಹೊಡೆತ ದಂಡ, ಮೇಲಿಂದ ಅದೇ ಟೀಯಿಂದ ಮತ್ತೆ ಹೊಡೆಯಬೇಕು. ಎರಡನೇ ಸಲ ಹೊಡೆಯುವುದೇ ಮೂರನೇ ಹೊಡೆತ. ಮರದ ಕೆಳಗೆ ಬಿದ್ದ ಚೆಂಡಿಗೂ ಗೂಟದ ಆಚೆ ಬಿದ್ದ ಚೆಂಡಿಗೂ ಇರುವ ವ್ಯತ್ಯಾಸ ನನಗೆ ಸರಿಯಾಗಿ ತಿಳಿದದ್ದು ಈ ಮೂರು ತಿಂಗಳಲ್ಲೇ.

ಇದೇ ಸಮಯದಲ್ಲಿ ಟೀಯಿಂದ ಡ್ರೈವರ್ ಬದಲು 5 ನಂಬರ್ ವುಡ್ ಹೊಡೆದೂ ನೋಡಿದೆ. ದೂರ 15–20 ಯಾರ್ಡ್ ಕಡಿಮೆ. ಆದರೆ ಅದರ ಮುಖ ಜಾಸ್ತಿ ಓರೆ ಇರುವುದರಿಂದ ಚೆಂಡು ಅಷ್ಟು ಬಾಗುವುದಿಲ್ಲ. ಎಲ್ಲಾ ಹೋಲ್‌ನಲ್ಲೂ ಅದನ್ನೇ ಹೊಡೆದರೆ ಎರಡನೇ ಹೊಡೆತ ತುಂಬಾ ಉದ್ದವಾಗಿಬಿಡುತ್ತದೆ, ಲಾಭ ಇಲ್ಲ. ಬಿಳಿ ಗೂಟ ಹತ್ತಿರ ಇರುವ ಮೂರು ಹೋಲ್‌ಗಳಲ್ಲಿ ಮಾತ್ರ ಹೊಡೆದರೆ ಲಾಭ ಇದೆ. ಈಗಲೂ ಹಾಗೇ ಮಾಡುತ್ತೇನೆ.

ಆಟದ ಬಗ್ಗೆ ನನ್ನ ಲೆಕ್ಕ ಬದಲಾದದ್ದು ಜನವರಿಯ ಒಂದು ಶನಿವಾರ. ಐದನೇ ಹೋಲ್, ಪಾರ್ 4. ಡ್ರೈವ್ ಬಲಕ್ಕೆ ಹೋಗಿ ಸಿಲ್ವರ್ ಓಕ್ ಮರಗಳ ಮಧ್ಯೆ ಬಿತ್ತು. ಚೆಂಡಿನ ಮೇಲೆ ಎರಡು ಒಣಗಿದ ಎಲೆ. ಎದುರಿಗೆ ಎರಡು ಮರದ ನಡುವೆ ಒಂದು ಸಂದು, ಅದರಾಚೆ ದೂರದಲ್ಲಿ ಗ್ರೀನ್. ನಾನು ಆ ಸಂದನ್ನೇ ನೋಡುತ್ತಿದ್ದೆ. ಬ್ಯಾಗ್ ಹೊತ್ತು ಜೊತೆಗೆ ಬರುವ ನಮ್ಮ ಕ್ಯಾಡಿ ಹಿರಿಯರು, ಎಷ್ಟೋ ವರ್ಷದಿಂದ ಅಲ್ಲೇ ಇದ್ದಾರೆ. ಅವರು ಆರನೇ ನಂಬರ್ ಐರನ್ ತೆಗೆದು ನನ್ನ ಕೈಗಿಟ್ಟು, ಎಡಗಡೆ ಫೇರ್‌ವೇ ಕಡೆ ಕೈ ತೋರಿಸಿದರು. "ಮೇಡಂ, ಸುಮ್ನೆ ಹೊರಗೆ ತನ್ನಿ. ಮಿಕ್ಕಿದ್ದು ಗ್ರೀನ್ ಹತ್ರ ನೋಡ್ಕೊಳ್ಳೋಣ."

ಹೊರಗೆ ತಂದೆ. ಮೂರನೇ ಹೊಡೆತ ಗ್ರೀನ್‌ಗೆ ಹತ್ತು ಹೆಜ್ಜೆ ಮುಂಚೆ ನಿಂತಿತು. ಚಿಪ್ ಹೋಲ್‌ನಿಂದ ಮೂರು ಅಡಿಗೆ ಬಂತು. ಪಟ್ ಒಳಗೆ. ಐದು. ಅಂದರೆ ಬೋಗಿ, ಪಾರ್‌ಗಿಂತ ಒಂದೇ ಜಾಸ್ತಿ.

ಆರನೇ ಟೀಗೆ ನಡೆಯುತ್ತಾ ಲೆಕ್ಕ ಹಾಕಿದೆ. 18 ಹೋಲ್‌ನಲ್ಲೂ ಹೀಗೆ ಬೋಗಿ ಮಾಡಿದರೂ 90 ಆಗುತ್ತದೆ. ನಾನು ಅಲ್ಲಿಯವರೆಗೆ ಒಂದು ಸಲವೂ 90 ಮುಟ್ಟಿದವಳಲ್ಲ. ವಾರೆ ಹೋದ ಡ್ರೈವ್‌ಗೆ ನಾನು ಕೊಟ್ಟದ್ದು ಒಂದೇ ಹೊಡೆತ. ಹಾಗಾದರೆ ನನ್ನ ಏಳು, ಎಂಟು ಎಲ್ಲಿಂದ ಬರುತ್ತಿತ್ತು? ಹಳೇ ಸ್ಕೋರ್ ಕಾರ್ಡ್ ತೆಗೆದು ಒಂದೊಂದೇ ಹೋಲ್ ನೆನಪು ಮಾಡಿಕೊಂಡೆ. ಮರದ ಸಂದಿನಲ್ಲಿ ನುಗ್ಗಿಸಲು ಹೋಗಿ ಮತ್ತೆ ಮರಕ್ಕೆ ಹೊಡೆದದ್ದು. ಗ್ರೀನ್ ಪಕ್ಕದಿಂದ ಆ ಕಡೆಗೆ ಹಾರಿಸಿ, ಅಲ್ಲಿಂದ ಈ ಕಡೆಗೆ ಹಾರಿಸಿದ್ದು. ಮೂರು ಪಟ್. ಡ್ರೈವ್ ಬರೀ ಶುರು ಮಾಡಿಕೊಡುತ್ತಿತ್ತು, ಕಾರ್ಡ್ ಕೆಡಿಸುತ್ತಿದ್ದದ್ದು ಗ್ರೀನ್ ಸುತ್ತಲಿನ ಆಟ.

ಸರಿ, ಗ್ರೀನ್ ಪಕ್ಕ ಯಾವ ಕ್ಲಬ್? ಇಲ್ಲಿ ನಾಲ್ಕನ್ನು ಹೋಲಿಸಿ ನೋಡಿದೆ. ಚೆಂಡನ್ನು ಎತ್ತರಕ್ಕೆ ಹಾರಿಸುವ 60 ಡಿಗ್ರಿ ಲಾಬ್ ವೆಜ್, 8 ನಂಬರ್ ಐರನ್, ಪಟ್ ಮಾಡುವ ಪಟರ್, ಮತ್ತೆ ಗೆಳತಿಯೊಬ್ಬಳಿಂದ ಕೇಳಿ ತಂದ, ಚಿಪ್ ಹೊಡೆಯಲೆಂದೇ ಮಾಡಿದ ಒಂದು ಚಿಪ್ಪರ್. ಹೋಲ್‌ಗೆ ಒಟ್ಟು 15 ಹೆಜ್ಜೆ, ಅದರಲ್ಲಿ ಎರಡು ಹೆಜ್ಜೆ ಗ್ರೀನ್‌ನ ಅಂಚಿನ ಹುಲ್ಲು. ನಾಲ್ಕು ಬುಧವಾರ, ಒಂದೊಂದು ಕ್ಲಬ್‌ಗೆ ದಿನಕ್ಕೆ 20 ಚೆಂಡು, ಒಟ್ಟು 80. ಹೋಲ್‌ನಿಂದ ಒಂದು ಪಟರ್ ಉದ್ದದೊಳಗೆ ಎಷ್ಟು ನಿಲ್ಲುತ್ತವೆ ಅಂತ ಚೀಟಿಯಲ್ಲಿ ಬರೆದುಕೊಂಡೆ.

60 ಡಿಗ್ರಿ ವೆಜ್‌ನಲ್ಲಿ ನಿಂತದ್ದು 17. ಚೆನ್ನಾಗಿ ಕೂತ ಹೊಡೆತದಷ್ಟು ಸುಂದರವಾದದ್ದು ಈ ಆಟದಲ್ಲಿ ಇನ್ನೊಂದಿಲ್ಲ. ಚೆಂಡು ಮೇಲೇರಿ ಮೆತ್ತಗೆ ಇಳಿದು ಅಲ್ಲೇ ನಿಲ್ಲುತ್ತದೆ. ಆದರೆ 80ರಲ್ಲಿ 14 ಪೂರ್ತಿ ಕೆಟ್ಟವು. ಕೆಲವು ಚೆಂಡಿನ ತಲೆಗೆ ತಾಗಿ ಗ್ರೀನ್ ದಾಟಿ ಹೋದವು, ಕೆಲವು ಹಿಂದಿನ ನೆಲ ಅಗೆದು ಎರಡಡಿ ಮುಂದೆ ಬಿದ್ದವು. ಬರ್ಮುಡಾ ಹುಲ್ಲು ನಮ್ಮ ಕಡೆಗೆ ಮಲಗಿದ್ದರೆ ಕ್ಲಬ್‌ನ ಅಂಚು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ವೃತ್ತಿ ಆಟಗಾರ ಫಿಲ್ ಮಿಕಲ್ಸನ್ ಈ ಹೊಡೆತವನ್ನು ಎಷ್ಟು ಸಲೀಸಾಗಿ ಹೊಡೆಯುತ್ತಾರೆ ಅಂತ ಟೀವಿಯಲ್ಲಿ ನೋಡಿ ನಾನೂ ಇದನ್ನು ಕೊಂಡದ್ದು. ಅವರು ಚಿಕ್ಕಂದಿನಿಂದ ಮನೆ ಹಿತ್ತಲಲ್ಲೇ ಅಭ್ಯಾಸ ಮಾಡಿ ಬೆಳೆದವರು. ವಾರಕ್ಕೆ ಒಂದೂವರೆ ಗಂಟೆಯಲ್ಲಿ ಅದು ಬರುವುದಿಲ್ಲ.

8 ನಂಬರ್ ಐರನ್‌ನಲ್ಲಿ 41 ನಿಂತವು. ಕೆಟ್ಟವು ಮೂರೇ. ಇದನ್ನು ಹೊಡೆಯುವ ರೀತಿಯೇ ಬೇರೆ. ಪಟರ್ ಹಿಡಿದ ಹಾಗೆ ಹಿಡಿಯಬೇಕು, ಚೆಂಡಿಗೆ ಹತ್ತಿರ ನಿಲ್ಲಬೇಕು, ಕ್ಲಬ್‌ನ ಹಿಮ್ಮಡಿ ಸ್ವಲ್ಪ ನೆಲ ಬಿಟ್ಟಿರಬೇಕು. ಮಣಿಕಟ್ಟು ಮುರಿಯಬಾರದು, ಭುಜದಿಂದ ಆಡಿಸಬೇಕು. ಚೆಂಡು ಮೊಣಕಾಲಿಗಿಂತ ಮೇಲೆ ಏಳುವುದಿಲ್ಲ. ಮೂರು ಹೆಜ್ಜೆ ಹಾರಿ, ಗ್ರೀನ್ ಮೇಲೆ ಕೂತು, ಗೋಲಿ ಉರುಳಿದ ಹಾಗೆ ಹೋಲ್ ಕಡೆ ಹೋಗುತ್ತದೆ.

ಎಷ್ಟು ಉರುಳುತ್ತದೆ ಅನ್ನೋದಕ್ಕೆ ಹಳೇ ಆಟಗಾರರ ಹನ್ನೆರಡರ ಲೆಕ್ಕ ಇದೆ. ನನಗೆ ಇದರಷ್ಟು ಉಪಕಾರ ಮಾಡಿದ್ದು ಇನ್ನೊಂದಿಲ್ಲ. ಚೆಂಡಿನಿಂದ ಅದು ಬೀಳಬೇಕಾದ ಜಾಗಕ್ಕೆ ಎಷ್ಟು ಹೆಜ್ಜೆ, ಅಲ್ಲಿಂದ ಹೋಲ್‌ಗೆ ಎಷ್ಟು ಹೆಜ್ಜೆ ಎಣಿಸಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಬಂದದ್ದನ್ನು 12ರಿಂದ ಕಳೆಯಿರಿ. ಉಳಿದದ್ದೇ ಕ್ಲಬ್ ನಂಬರ್. ಮೂರು ಹೆಜ್ಜೆ ಹಾರಾಟ, 12 ಹೆಜ್ಜೆ ಉರುಳಾಟ ಅಂದರೆ ನಾಲ್ಕು. 12ರಲ್ಲಿ ನಾಲ್ಕು ಕಳೆದರೆ 8 ನಂಬರ್. ಪಿಚಿಂಗ್ ವೆಜ್ ಅನ್ನು 10 ಅಂತ, ಸ್ಯಾಂಡ್ ವೆಜ್ ಅನ್ನು 11 ಅಂತ ಹಿಡಿಯಬೇಕು. ಗ್ರೀನ್ ಏರು ಇದ್ದರೆ ಒಂದು ನಂಬರ್ ಕಡಿಮೆ, ಇಳಿಜಾರು ಇದ್ದರೆ ಒಂದು ಜಾಸ್ತಿ. ಬೀಸು ಮಾತ್ರ ಒಂದೇ, ಬದಲಾಗೋದು ಕ್ಲಬ್ ಅಷ್ಟೆ. ಅದಕ್ಕೇ ಕೈಗೆ ಬೇಗ ಹತ್ತುತ್ತದೆ.

ಪಟರ್‌ನಲ್ಲಿ 33. ಕೆಟ್ಟದ್ದು ಒಂದೂ ಇಲ್ಲ. ನೆಲ ಒಣಗಿ ಹುಲ್ಲು ಸಣ್ಣಗಿದ್ದರೆ ನಾನು ಈಗಲೂ ಮೊದಲು ಪಟರ್ ಕಡೆಯೇ ನೋಡುತ್ತೇನೆ. ಅಂಚಿನ ಹುಲ್ಲು ಮೂರು ಹೆಜ್ಜೆಗಿಂತ ಜಾಸ್ತಿ ಇದ್ದರೆ ಎಷ್ಟು ಜೋರಾಗಿ ತಳ್ಳಬೇಕು ಅಂತ ಅಂದಾಜು ಸಿಗುವುದಿಲ್ಲ. ಚಿಪ್ಪರ್‌ನಲ್ಲಿ 38, ಹೆಚ್ಚುಕಡಿಮೆ 8 ನಂಬರ್‌ನಷ್ಟೇ. ಅದು ಮಾಡುವ ಕೆಲಸವನ್ನು ಬ್ಯಾಗ್‌ನಲ್ಲಿ ಈಗಾಗಲೇ ಇರುವ ಐರನ್ ಮಾಡುತ್ತದೆ, 14 ಕ್ಲಬ್ ಮಿತಿಯಲ್ಲಿ ಒಂದು ಜಾಗ ಯಾಕೆ ಕೊಡಬೇಕು? ಕೊಳ್ಳುವವರು ಒಂದು ನೋಡಿಕೊಳ್ಳಿ. ಎರಡೂ ಕಡೆ ಮುಖ ಇರುವ ಚಿಪ್ಪರ್ ನಿಯಮದ ಪ್ರಕಾರ ನಡೆಯುವುದಿಲ್ಲ.

ಬಂಕರ್‌ಗೆ ಮಾತ್ರ 56 ಡಿಗ್ರಿ ಸ್ಯಾಂಡ್ ವೆಜ್, ಅದಕ್ಕೆ ಬದಲಿ ಇಲ್ಲ. ಮರಳಿನಿಂದ ಒಂದೇ ಏಟಿಗೆ ಹೊರಗೆ ಬಂದರೆ ನನಗೆ ಸಾಕು.

ಈ ತಗ್ಗಿನ ಚಿಪ್ ಹೊಸದಲ್ಲ. ಅಮೆರಿಕದ ಪಾಲ್ ರನ್ಯನ್ ಇದರ ಗುರು. ಸಣ್ಣ ಆಳು, ದೂರ ಹೊಡೆಯಲು ಆಗುತ್ತಿರಲಿಲ್ಲ. 1938ರ ಪಿಜಿಎ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಎದುರಿಗೆ ಸ್ಯಾಮ್ ಸ್ನೀಡ್, ಆ ಕಾಲದ ಭಾರಿ ಹೊಡೆತಗಾರ. ಟೀಯಿಂದ ರನ್ಯನ್ ಚೆಂಡು ಬಹಳ ಹಿಂದೆ ಉಳಿಯುತ್ತಿತ್ತು. 36 ಹೋಲ್‌ಗಳ ಆ ಪಂದ್ಯವನ್ನು (ಹೆಚ್ಚು ಹೋಲ್ ಗೆದ್ದವರೇ ಗೆದ್ದ ಹಾಗೆ) ರನ್ಯನ್ ಇನ್ನೂ ಏಳು ಹೋಲ್ ಬಾಕಿ ಇರುವಾಗಲೇ ಎಂಟು ಹೋಲ್ ಮುಂದೆ ಇದ್ದು ಗೆದ್ದರು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯದೆ ಇರಲಾಗದು. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೂರ ಹೊಡೆಯುವುದರಲ್ಲಿ ಅವರು ಕೊನೆಯವರ ಪೈಕಿ. ಆದರೂ ನಾಲ್ಕನೇ ಸ್ಥಾನ, ಕಂಚಿಗೆ ಒಂದೇ ಹೊಡೆತ ಕಡಿಮೆ. ಆ ಶನಿವಾರ ಬೆಳಿಗ್ಗೆ ಅವರು ಒಂದೊಂದು ಪಟ್ ಹಾಕುವಾಗಲೂ ನಾನು ಟೀವಿ ಮುಂದೆ ಉಸಿರು ಹಿಡಿದು ಕೂತಿದ್ದೆ. ಅವರ ಡ್ರೈವ್ ನನ್ನ ಹಾಗೆ ವಾರೆ ಹೋಗುವುದಿಲ್ಲ, ದೂರ ಕಡಿಮೆ ಅಷ್ಟೆ. ವಾರೆ ಡ್ರೈವ್‌ಗೆ ಉದಾಹರಣೆ ಬೇಕಾದರೆ ಸ್ಪೇನ್‌ನ ಸೆವೆ ಬ್ಯಾಲೆಸ್ಟೆರೋಸ್. 1979ರ ಬ್ರಿಟಿಷ್ ಓಪನ್, ಇಂಗ್ಲೆಂಡಿನ ರಾಯಲ್ ಲಿಥಮ್‌ನಲ್ಲಿ, ಕೊನೆಯ ದಿನ, 16ನೇ ಹೋಲ್. ಡ್ರೈವ್ ಹೋಗಿ ಕಾರು ನಿಲ್ಲಿಸುವ ಜಾಗದಲ್ಲಿ ಬಿತ್ತು. ಅಲ್ಲಿಂದ ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಮಾಡಿ, ಟ್ರೋಫಿಯನ್ನೂ ಗೆದ್ದರು.

ಮಾರ್ಚ್ ಕೊನೆಗೆ ನನ್ನ ಫೇರ್‌ವೇ ಲೆಕ್ಕ ಐದೇ ಇತ್ತು. ಸರಾಸರಿ 97. ಬುಧವಾರದ ಕೊನೆಯ ಅರ್ಧ ಗಂಟೆ ಪೂರ್ತಿ ನಾಲ್ಕಡಿ ಒಳಗಿನ ಪಟ್‌ಗೆ ಕೊಡುತ್ತಿದ್ದೆ, ಅದರ ಪಾಲೂ ಇದರಲ್ಲಿದೆ. ಅಮೆರಿಕದ ಪಿಜಿಎ ಟೂರ್‌ನ ವೃತ್ತಿ ಆಟಗಾರರೇ ಎಂಟು ಅಡಿಯಿಂದ ಸುಮಾರು ಅರ್ಧದಷ್ಟು ಪಟ್ ಮಾತ್ರ ಹಾಕುತ್ತಾರೆ. ಮೂರು ಅಡಿಯಿಂದ ತಪ್ಪಿಸುವುದು ಅಪರೂಪ. ಚಿಪ್ ಎಂಟು ಅಡಿಗೆ ನಿಲ್ಲುವುದಕ್ಕೂ ಮೂರು ಅಡಿಗೆ ನಿಲ್ಲುವುದಕ್ಕೂ ಎಷ್ಟು ಅಂತರ ನೋಡಿ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಲೆಕ್ಕ ತೆಗೆದು ನೋಡಿದರು. ಒಳ್ಳೆ ಆಟಗಾರರಿಗೂ ಸಾಮಾನ್ಯ ಆಟಗಾರರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 100 ಯಾರ್ಡ್‌ಗಿಂತ ದೂರದ ಹೊಡೆತಗಳದ್ದು ಅಂತ ಅವರು ಹೇಳುತ್ತಾರೆ. ನಾನು ಒಪ್ಪುತ್ತೇನೆ. 80ರ ಕೆಳಗೆ ಆಡಬೇಕು ಅನ್ನುವವರು, ಇಪ್ಪತ್ತು ಇಪ್ಪತ್ತೈದರ ವಯಸ್ಸಿನವರು, ವಾರದಲ್ಲಿ ನಾಲ್ಕು ದಿನ ರೇಂಜ್‌ಗೆ ಹೋಗಬಲ್ಲವರು ಡ್ರೈವರ್ ಸರಿ ಮಾಡಿಕೊಳ್ಳಲೇಬೇಕು. ಸುತ್ತಿಗೆ ನಾಲ್ಕೈದು ಚೆಂಡು ಕಳೆದುಕೊಳ್ಳುವವರೂ ಮೊದಲು ಟೀ ಹೊಡೆತವನ್ನೇ ನೋಡಿಕೊಳ್ಳಿ, ಚಿಪ್‌ಗೆ ಆ ದಂಡ ತುಂಬಲು ಆಗದು. ಆದರೆ ಚೆಂಡು ವಾರೆ ಹೋದರೂ ಆಟದೊಳಗೇ ಉಳಿಯುತ್ತದೆ, ಸಮಯ ಕಡಿಮೆ, 100 ದಾಟದೆ ಆಡಬೇಕು ಅನ್ನುವವರಿಗೆ ನನ್ನ ಮಾತು ಒಂದೇ. 8 ನಂಬರ್ ಐರನ್ ತಗೊಂಡು ಪ್ರಾಕ್ಟೀಸ್ ಗ್ರೀನ್ ಪಕ್ಕಕ್ಕೆ ಹೋಗಿ. ಅಲ್ಲಿ ಕಲಿತದ್ದು ಅದೇ ವಾರ ಕಾರ್ಡ್‌ನಲ್ಲಿ ಕಾಣುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇನ್ನೊಂದು ಪಾಠ ಆಯಿತು. ನನ್ನ ಚೀಟಿಯ ಲೆಕ್ಕವೆಲ್ಲ ಒಣ ನೆಲದ್ದು. ಒದ್ದೆ ಗ್ರೀನ್‌ನಲ್ಲಿ 8 ನಂಬರ್ ಚೆಂಡು ಅರ್ಧದಲ್ಲೇ ನಿಲ್ಲುತ್ತಿತ್ತು. ಮೊದಲ ಎರಡು ಶನಿವಾರ ತಲೆಕೆಟ್ಟಿತು. ಆಮೇಲೆ ಚೆಂಡು ಬೀಳುವ ಜಾಗವನ್ನು ಹೋಲ್‌ಗೆ ಹತ್ತಿರ ತಂದು, ಪಿಚಿಂಗ್ ವೆಜ್‌ನಿಂದ ಅರ್ಧ ದಾರಿ ಹಾರಿಸಿ ಅರ್ಧ ಉರುಳಿಸುತ್ತಿದ್ದೇನೆ. ಬೀಸು ಅದೇ, ಸ್ವಲ್ಪ ಉದ್ದ. ಜುಲೈಯಲ್ಲಿ ಸರಾಸರಿ 99ಕ್ಕೆ ಏರಿತ್ತು, ಈಗ ಮತ್ತೆ ಇಳಿಯುತ್ತಿದೆ. 60 ಡಿಗ್ರಿ ವೆಜ್ ಮನೆಯ ಅಟ್ಟದಲ್ಲಿದೆ. ಅದರ ಜಾಗದಲ್ಲಿ ಬ್ಯಾಗ್‌ಗೆ 7 ನಂಬರ್ ವುಡ್ ಬಂದಿದೆ, ಮರದ ಕೆಳಗಿನಿಂದ ಹೊರಗೆ ತಂದ ಚೆಂಡನ್ನು ಗ್ರೀನ್ ಹತ್ತಿರ ಸೇರಿಸಲು.