ಟಾರ್ಪಿನ ಅಂಚು ಮಡಿಸಲು ಯಾವ ದಾರಿ ಒಳ್ಳೆಯದು?

ಮನೆಯಲ್ಲೇ ಟಾರ್ಪ್ (ಮಳೆಗೆ ತಲೆಯ ಮೇಲೆ ಹಗ್ಗದಿಂದ ಕಟ್ಟುವ ಹೊದಿಕೆ) ಹೊಲಿಯಲು ಹೊರಟವರು ಬಟ್ಟೆ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಹಗ್ಗದ ಬಗ್ಗೆ, ಗಂಟಿನ ಬಗ್ಗೆ ವಿಚಾರಿಸುತ್ತಾರೆ. ಅಂಚಿನ ಯೋಚನೆ ಬರುವುದು ಬಟ್ಟೆ ಕತ್ತರಿಸಿ ಆದ ಮೇಲೆ. ಆದರೆ ನಿಜವಾದ ಕೆಲಸ ಇರುವುದೇ ಅಲ್ಲಿ. 3 ಮೀಟರ್ ಉದ್ದ, 3 ಮೀಟರ್ ಅಗಲದ ಟಾರ್ಪಿಗೆ ಸುತ್ತಲೂ 12 ಮೀಟರ್ ಅಂಚು ಇರುತ್ತದೆ. ಅಷ್ಟನ್ನೂ ಎರಡು ಸಲ ಮಡಿಸಿ, ಕತ್ತರಿಸಿದ ಎಳೆ ಹೊರಗೆ ಕಾಣದ ಹಾಗೆ ಹೊಲಿಯಬೇಕು. ಮಲೆನಾಡಿನ ಮಳೆಗಾಲದ ಗಾಳಿಗೆ ಟಾರ್ಪ್ ಕಟ್ಟಿದರೆ ಮೊದಲು ಜಗ್ಗುವುದು ಈ ಅಂಚನ್ನೇ.

ನಾನು ಹೊಲಿದದ್ದು ಸಿಲಿಕೋನ್ ಲೇಪದ ತೆಳು ರಿಪ್‌ಸ್ಟಾಪ್ ನೈಲಾನ್ (ಹರಿದರೆ ಮುಂದಕ್ಕೆ ಹರಡದ ಹಾಗೆ ನಡುನಡುವೆ ದಪ್ಪ ಎಳೆ ಹಾಕಿ ನೇಯ್ದದ್ದು), 30 ಡೆನಿಯರ್‌ನದು. ಡೆನಿಯರ್ ಅಂದರೆ ಎಳೆಯ ದಪ್ಪದ ಅಳತೆ. ಇದರ ಗುಣ ಗೊತ್ತಿದ್ದರೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ. ಇದು ಜಾರುತ್ತದೆ. ಉಗುರಿನಲ್ಲಿ ಗೀರಿದರೂ ಮಡಿಕೆಯ ಗೆರೆ ನಿಲ್ಲುವುದಿಲ್ಲ. ಇಸ್ತ್ರಿ ಹಾಕಿದರೆ ಗೆರೆ ಕೂರುವ ಮೊದಲೇ ಬಟ್ಟೆ ಮುದುಡುವ ಭಯ. ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಹಾಗೇ ಉಳಿಯುತ್ತದೆ. ಹತ್ತಿ ಬಟ್ಟೆಯಲ್ಲಾದರೆ ನೀರು ಚಿಮುಕಿಸಿ ಉಜ್ಜಿದರೆ ತೂತು ಮುಚ್ಚಿಕೊಳ್ಳುತ್ತದೆ, ಇಲ್ಲಿ ಆ ಮಾತೇ ಇಲ್ಲ. ಹಾಗಾಗಿ ಯಾವ ವಿಧಾನ ಬೇಗ ಮುಗಿಯುತ್ತದೆ ಅನ್ನುವುದಕ್ಕಿಂತ, ಯಾವುದರಲ್ಲಿ ಬಿಚ್ಚುವ ಕೆಲಸ ಬರುವುದಿಲ್ಲ ಅನ್ನುವುದನ್ನೇ ನಾನು ಮುಖ್ಯವಾಗಿ ನೋಡಿದೆ.

ಮುಖ್ಯವಾಗಿ ನೋಡಿದ ವಿಧಾನ ನಾಲ್ಕು. ಎಲ್ಲದಕ್ಕೂ ಪಾಲಿಯೆಸ್ಟರ್ ದಾರ, 11 ನಂಬರ್ ಸೂಜಿ, ಬೇರೆ ಹೇಳದ ಕಡೆಯೆಲ್ಲ 3 ಮಿಲಿಮೀಟರ್ ಹೊಲಿಗೆ. ಟೈಲರ್ ಅಂಗಡಿಯ ಮಷೀನಿನಲ್ಲಿರುವ 16 ನಂಬರ್ ಸೂಜಿ ಈ ಬಟ್ಟೆಗೆ ತೀರಾ ದಪ್ಪ. ಹತ್ತಿ ದಾರ ಬೇಡವೇ ಬೇಡ, ನೆನೆದು ನೆನೆದು ಕೊಳೆಯುತ್ತದೆ. ಮಷೀನು ಮಾತ್ರ ಮನೆಯ ಹಳೆಯ ಕಪ್ಪು ಬಣ್ಣದ್ದೇ ಸಾಕು. ನೇರ ಹೊಲಿಗೆ ಬಿಟ್ಟು ಬೇರೇನೂ ಬೇಕಾಗಿಲ್ಲ. ಕಾಲಲ್ಲಿ ತುಳಿಯುವ ಮಷೀನಾದರೆ ಒಂದೊಂದೇ ಹೊಲಿಗೆ ಹಾಕುತ್ತಾ ನಿಧಾನವಾಗಿ ಹೋಗಬಹುದು. ಈ ಕೆಲಸಕ್ಕೆ ಅದೇ ದೊಡ್ಡ ಅನುಕೂಲ.

ಮೊದಲನೆಯದು ಕೈಯಲ್ಲೇ ಮಡಿಸಿ ಕ್ಲಿಪ್ ಹಾಕುವುದು. 1 ಸೆಂಟಿಮೀಟರ್ ಮಡಿಸಿ, ಮತ್ತೆ 1 ಸೆಂಟಿಮೀಟರ್ ಮಡಿಸಿ, ಅಲ್ಲಲ್ಲಿ ಕ್ಲಿಪ್ ಹಾಕಿ ಹೊಲಿಯುತ್ತಾ ಹೋಗುವುದು. ಹುಡುಗಿಯರು ತಲೆಗೆ ಹಾಕುವ ಟಿಕ್‌ಟ್ಯಾಕ್ ಕ್ಲಿಪ್ಪು ಇದಕ್ಕೆ ಚೆನ್ನಾಗಿ ಆಗುತ್ತದೆ. ಗುಂಡುಪಿನ್ನು ಹಾಕಿದರೆ ಅಂಚಿನಲ್ಲಿ ನೀರು ಸೋರುವ ತೊಂದರೆಯೇನೂ ಇಲ್ಲ, ಆದರೆ ಜಾರುವ ಬಟ್ಟೆಯನ್ನು ಪಿನ್ನು ಹಿಡಿದುಕೊಳ್ಳುವುದೇ ಇಲ್ಲ. ಕ್ಲಿಪ್ಪಿನ ಕಷ್ಟ ಬೇರೆ. ಕ್ಲಿಪ್ ಇರುವ ಕಡೆ ಮಡಿಕೆ ಸರಿಯಾಗಿರುತ್ತದೆ, ಎರಡು ಕ್ಲಿಪ್ಪಿನ ನಡುವೆ ಒಳಮಡಿಕೆ ಮೆಲ್ಲಗೆ ಬಿಚ್ಚಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹೊಲಿದು ತಿರುಗಿಸಿ ನೋಡಿದಾಗ ಎಳೆ ಹೊರಗೆ ಇಣುಕುತ್ತಿರುತ್ತದೆ. ಸಾಮಾನು ತುಂಬುವ ಚಿಕ್ಕ ಚೀಲದ ಬಾಯಿಗೆ ಈ ವಿಧಾನ ಸಾಕು. 12 ಮೀಟರ್ ಅಂಚಿಗೆ ಬೇಡ.

ಎರಡನೆಯದು ರೋಲ್ಡ್ ಹೆಮ್ ಫೂಟ್, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಮಷೀನಿನ ಪಾದದ ಜಾಗಕ್ಕೆ ಹಾಕುವ, ಅಂಚು ಸುತ್ತುವ ಪಾದ. ವಿಡಿಯೊಗಳಲ್ಲಿ ನೋಡಿದಾಗ ಎಲ್ಲರಿಗೂ ಆಸೆ ಹುಟ್ಟಿಸುವುದು ಇದೇ. ಫೂಟಿನ ಮುಂದೆ ಸುರುಳಿಯ ಹಾಗಿರುವ ಒಂದು ತಗಡು. ಬಟ್ಟೆಯ ಅಂಚನ್ನು ಅದರೊಳಗೆ ಕೊಟ್ಟರೆ ತಾನಾಗೇ ಎರಡು ಸಲ ಸುತ್ತಿಕೊಂಡು ಸೂಜಿಯ ಕೆಳಗೆ ಬರುತ್ತದೆ. ಇದರಲ್ಲಿ 2, 3, 6 ಮಿಲಿಮೀಟರಿನ ಸಣ್ಣವು ಬೇರೆ, ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚಿನ ಅಗಲದವು ಬೇರೆ.

ಸಣ್ಣವು ದುಪಟ್ಟಾಕ್ಕೆ ಸರಿ, ಟಾರ್ಪಿಗಲ್ಲ. 3 ಮಿಲಿಮೀಟರ್ ಮಡಿಕೆಯಲ್ಲಿ ಹೊಲಿಗೆಗೆ ಹಿಡಿದುಕೊಳ್ಳಲು ಬಟ್ಟೆಯೇ ಸಾಲುವುದಿಲ್ಲ. ಅಗಲದ ಫೂಟು ಮಾತ್ರ ನೇರ ಅಂಚಿನಲ್ಲಿ ನಿಜಕ್ಕೂ ಚೆನ್ನಾಗಿ ಓಡುತ್ತದೆ. ಆದರೆ ಅದಕ್ಕೊಂದು ಹದ ಬೇಕು. ಶುರುವಿನ 5-6 ಸೆಂಟಿಮೀಟರನ್ನು ಕೈಯಲ್ಲೇ ಮಡಿಸಿ ನಾಲ್ಕು ಹೊಲಿಗೆ ಹಾಕಬೇಕು. ಸೂಜಿ ಬಟ್ಟೆಯೊಳಗೆ ಇರುವಾಗಲೇ ಫೂಟ್ ಎತ್ತಿ, ಮುಂದಿನ ಅಂಚನ್ನು ಸುರುಳಿಯೊಳಗೆ ತೂರಿಸಬೇಕು. ಆಮೇಲೆ ಬಲಗೈಯಲ್ಲಿ ಅಂಚನ್ನು ಸ್ವಲ್ಪ ಮೇಲೆತ್ತಿ ಹಿಡಿದು, ಸುರುಳಿ ಯಾವಾಗಲೂ ತುಂಬಿರುವ ಹಾಗೆ ನೋಡಿಕೊಳ್ಳಬೇಕು. ಕಣ್ಣು ಸೂಜಿಯ ಮೇಲಲ್ಲ, ಸುರುಳಿಯ ಬಾಯಿಯ ಮೇಲಿರಬೇಕು. ಬಟ್ಟೆ ಕಡಿಮೆ ಹೋದರೆ ಒಂದೇ ಮಡಿಕೆ ಬೀಳುತ್ತದೆ, ಜಾಸ್ತಿ ಹೋದರೆ ಒಳಗೆ ಗುಪ್ಪೆಯಾಗುತ್ತದೆ. ಅಂಚಿನ ಎಳೆ ಬಿಡದಿರಲಿ ಅಂತ ಬಿಸಿ ಕಬ್ಬಿಣದಲ್ಲಿ ಸುಟ್ಟು ಕತ್ತರಿಸಿದ್ದರೆ, ಅಲ್ಲಿ ಕರಗಿ ಗಟ್ಟಿಯಾದ ಸಣ್ಣ ಗಂಟುಗಳು ಸುರುಳಿಗೆ ಸಿಕ್ಕಿ ನಿಲ್ಲುತ್ತವೆ. ಫೂಟ್ ಬಳಸುವುದಾದರೆ ಹರಿತವಾದ ಕತ್ತರಿಯಲ್ಲೇ ಕತ್ತರಿಸುವುದು ವಾಸಿ. ಇನ್ನು ಒಂದು ಬದಿ ಪಿಯು (ಪಾಲಿಯುರೆಥೇನ್) ಲೇಪ ಇರುವ ಬಟ್ಟೆಯಾದರೆ ಆ ಬದಿ ಲೋಹಕ್ಕೆ ಅಂಟಿಕೊಂಡು ಮುಂದೆ ಸರಿಯುವುದೇ ಇಲ್ಲ.

ಇಷ್ಟೆಲ್ಲ ಹದ ಕೈಗೆ ಬಂದ ಮೇಲೂ ಫೂಟ್ ಕೈಕೊಡುವ ಜಾಗ ಒಂದಿದೆ, ನಡುವಿನ ಜೋಡಣೆ. ಈ ಬಟ್ಟೆ ಸಾಮಾನ್ಯವಾಗಿ ಒಂದೂವರೆ ಮೀಟರ್ ಪನ್ನದಲ್ಲಿ ಬರುತ್ತದೆ. 3 ಮೀಟರ್ ಅಗಲ ಬೇಕಾದರೆ ಎರಡು ತುಂಡು ಜೋಡಿಸಲೇಬೇಕು. ಜೀನ್ಸ್ ಪ್ಯಾಂಟಿನ ಕಾಲಿಗೆ ಹಾಕುವಂಥ ಮಡಿಕೆ ಜೋಡಣೆಯಲ್ಲಿ ನಾಲ್ಕು ಪದರ ಇರುತ್ತದೆ. ಅದನ್ನು ಅಂಚಿನಲ್ಲಿ ಎರಡು ಸಲ ಮಡಿಸಿದರೆ ಒಂದರ ಮೇಲೊಂದು ಹನ್ನೆರಡು ಪದರ! ಸುರುಳಿಯೊಳಗೆ ಅದು ತೂರುವುದಿಲ್ಲ. ಅಲ್ಲಿ ನಿಲ್ಲಿಸಿ, ಕೈಯಲ್ಲಿ ಮಡಿಸಿ, ಆ ಕಡೆ ಮತ್ತೆ ಶುರು ಮಾಡಬೇಕು. ಮೂಲೆಗಳಲ್ಲೂ ಅದೇ ಪಾಡು.

ಮೂರನೆಯದು ಎರಡು ಸಲ ಹೊಲಿಯುವುದು. ಮನೆಯ ಮಷೀನಿನಲ್ಲಿ ನನ್ನ ಆಯ್ಕೆ ಇದೇ. ಅಂಚನ್ನು 1 ಸೆಂಟಿಮೀಟರ್ ಒಂದೇ ಮಡಿಕೆ ಮಡಿಸಿ, ಮಡಿಕೆಯ ತುದಿಯಿಂದ 2 ಮಿಲಿಮೀಟರ್ ಒಳಗೆ, 4 ಮಿಲಿಮೀಟರಿನ ಉದ್ದ ಹೊಲಿಗೆ ಹಾಕುತ್ತಾ ಸುತ್ತಲೂ ಬರಬೇಕು. ಆಮೇಲೆ ಇನ್ನೊಂದು ಮಡಿಕೆ ಮಡಿಸಿ, ಮೊದಲ ಹೊಲಿಗೆಯ ಪಕ್ಕದಲ್ಲೇ ಎರಡನೆಯದು. ಒಂದು ಸಲಕ್ಕೆ ಒಂದೇ ಮಡಿಕೆ ಹಿಡಿಯಬೇಕು, ಅಷ್ಟೇ. ಈ ಬಟ್ಟೆಯಲ್ಲಿ ಇಸ್ತ್ರಿ ಮಾಡಲಾರದ ಕೆಲಸವನ್ನು ಮೊದಲ ಹೊಲಿಗೆ ಮಾಡಿಕೊಡುತ್ತದೆ. ಒಳಮಡಿಕೆ ಬಿಚ್ಚಿಕೊಳ್ಳುವ ಪ್ರಶ್ನೆಯೇ ಇಲ್ಲ, ಅದಾಗಲೇ ಹೊಲಿದು ಕೂತಿದೆ. ಹನ್ನೆರಡು ಪದರದ ಜಾಗದಲ್ಲಿ ಕೈಯಿಂದ ಚಕ್ರ ತಿರುಗಿಸಿ ದಾಟಿಸಿದರಾಯಿತು.

ದಾರ ಎರಡರಷ್ಟು ಬೇಕು, ಹೊತ್ತೂ ಹೆಚ್ಚುಕಡಿಮೆ ಎರಡರಷ್ಟು. ಮೊದಲ ಹೊಲಿಗೆಗೆ ದಾರದ ಬಿಗಿ ಸ್ವಲ್ಪ ಸಡಿಲ ಮಾಡಿಕೊಳ್ಳುವುದು ಮುಖ್ಯ. ಇಲ್ಲದಿದ್ದರೆ ಅಂಚು ನಿರಿಗೆ ಹಿಡಿದ ಹಾಗೆ ಸುಕ್ಕಾಗುತ್ತದೆ, ಎರಡನೇ ಸಲ ಅದನ್ನು ಸರಿಮಾಡಲು ಆಗುವುದಿಲ್ಲ. ಮಷೀನಿನ ಕೆಳಗಿನ ಹಲ್ಲು ಕೆಳಪದರವನ್ನು ಎಳೆಯುತ್ತದೆ, ಮೇಲಿನ ಪದರ ಜಾರಿ ಹಿಂದೆ ಉಳಿಯುತ್ತದೆ. ಹೊಲಿಯುವಾಗ ಫೂಟಿನ ಮುಂದೆ ಒಂದು ಕೈ, ಹಿಂದೆ ಒಂದು ಕೈ ಇಟ್ಟು ಬಟ್ಟೆಯನ್ನು ಹದವಾಗಿ ಬಿಗಿ ಹಿಡಿದರೆ ಎರಡೂ ಒಟ್ಟಿಗೆ ಸಾಗುತ್ತವೆ. ಎಳೆಯಬಾರದು, ಎಳೆದರೆ ಸೂಜಿ ಬಾಗುತ್ತದೆ.

ಅಂಚನ್ನು ಸ್ವಲ್ಪ ಒಳಕ್ಕೆ ಬಿಲ್ಲಿನ ಹಾಗೆ ಬಾಗಿಸಿ ಕತ್ತರಿಸಿದ ಟಾರ್ಪುಗಳಿವೆಯಲ್ಲ, ಜಗ್ಗಿ ಕಟ್ಟಿದಾಗ ಜೋತು ಬೀಳದಿರಲಿ ಅಂತ, ಅವಕ್ಕಂತೂ ಈ ಎರಡು ಸಲದ ಹೊಲಿಗೆಯೇ ಗತಿ. ಬಾಗಿದ ಅಂಚನ್ನು ಒಳಗೆ ಮಡಿಸಿದರೆ ಕತ್ತರಿಸಿದ ತುದಿ ಕೂರಬೇಕಾದ ಜಾಗ ಅದಕ್ಕಿಂತ ಉದ್ದವಿರುತ್ತದೆ, ಅದಕ್ಕೇ ಅಲ್ಲಿ ಎಳೆತ. 1 ಸೆಂಟಿಮೀಟರ್ ಬದಲು 6-7 ಮಿಲಿಮೀಟರ್ ಮಡಿಸಿ, ಒಂದೊಂದು ಗೇಣು ಹೊಲಿದು ಮಡಿಕೆ ಸರಿಮಾಡಿಕೊಳ್ಳುತ್ತಾ ಹೋದರೆ ಚಪ್ಪಟೆಯಾಗಿ ಕೂರುತ್ತದೆ.

ನಾಲ್ಕನೆಯದು ಪವರ್ ಮಷೀನಿಗೆ (ಗಾರ್ಮೆಂಟ್ಸ್‌ನಲ್ಲಿರುವಂಥ ಮೋಟರ್ ಮಷೀನು) ಹಾಕುವ ಫೋಲ್ಡರ್, ಅಂದರೆ ಅಂಚನ್ನು ಮಡಿಸಿಕೊಡುವ ತಗಡಿನ ಸಾಧನ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ನಲ್ಲಿ ದುಡಿದು ಈಗ ಮನೆಯಲ್ಲೇ ಮಷೀನು ಇಟ್ಟುಕೊಂಡಿರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ನಮ್ಮ ಬೀದಿಯ ಒಬ್ಬ ಅಕ್ಕ ಷರ್ಟಿನ ಕೆಳ ಅಂಚು ಮಡಿಸುವ ಫೋಲ್ಡರನ್ನು ತಮ್ಮ ಮಷೀನಿಗೆ ಸ್ಕ್ರೂ ಹಾಕಿ ಕೂರಿಸಿ ನನ್ನ ಬಟ್ಟೆ ಓಡಿಸಿ ತೋರಿಸಿದರು. "ನೀವು ತಳ್ಳಬೇಡಿ, ಬಾಯಿಗೆ ಕೊಡ್ತಾ ಇರಿ, ಅದೇ ತಗೊಳ್ಳುತ್ತೆ" ಅಂದರು. ಫೋಲ್ಡರ್ ಸೂಜಿಗಿಂತ ಮುಂಚೆಯೇ, ಮಷೀನಿನ ಮೈಗೆ ಗಟ್ಟಿಯಾಗಿ ಕೂತಿರುತ್ತದೆ. ಬಟ್ಟೆ ಮಡಿಕೆಯಾಗಿ ನೆಲೆಯಾದ ಮೇಲೆ ಸೂಜಿಗೆ ಬರುತ್ತದೆ. ಮನೆಯ ಫೂಟಿನಲ್ಲಿ ಮಡಿಸುವುದೂ ಹೊಲಿಯುವುದೂ ಅಂಗೈಯಗಲದ ಜಾಗದಲ್ಲೂ ಅಲ್ಲ, ಹೆಬ್ಬೆರಳಿನಗಲದ ಜಾಗದಲ್ಲಿ ಆಗಬೇಕು. ವ್ಯತ್ಯಾಸ ಅಲ್ಲಿದೆ. ನೇರ ಅಂಚಿನಲ್ಲಿ ಇದನ್ನು ಮೀರಿಸುವುದು ನಾನು ನೋಡಿದ್ದರಲ್ಲಿ ಯಾವುದೂ ಇಲ್ಲ.

ಸೀರೆಗೆ ಮಾಡಿಸುವ ಜಿಗ್‌ಜಾಗನ್ನೂ ಒಂದು ತುಂಡಿಗೆ ಮಾಡಿಸಿ ಎಳೆದು ನೋಡಿದೆ. ಒತ್ತೊತ್ತಾದ ತೂತುಗಳ ಸಾಲಿನ ಉದ್ದಕ್ಕೂ ಅಂಚು ಪರ್ರನೆ ಕಿತ್ತು ಬಂತು. ಟಾರ್ಪಿಗೆ ಅದು ಆಗದು.

ಮೂಲೆಯ ಚಂದಕ್ಕೆ ಯಾವ ವಿಧಾನದಲ್ಲೂ ಒದ್ದಾಡಬೇಕಾಗಿಲ್ಲ. ತುದಿಯನ್ನು ಓರೆಯಾಗಿ ಕತ್ತರಿಸಿ ಮಡಿಸಿದರೆ ಸಾಕು. ಹೇಗೂ ಅದರ ಮೇಲೆ ದಪ್ಪ ಬಟ್ಟೆಯ ತೇಪೆ ಕೂರಿಸಿ, ಹಗ್ಗಕ್ಕೆ ನೈಲಾನ್ ಪಟ್ಟಿಯ ಕುಣಿಕೆ ಹೊಲಿಯುತ್ತೇವಲ್ಲ. ಭಾರ ಹೊರುವುದು ಆ ತೇಪೆ.

ಪವರ್ ಮಷೀನಿನ ಅಕ್ಕಂದಿರು ಯಾರಾದರೂ ಹತ್ತಿರದಲ್ಲಿದ್ದರೆ ಟಾರ್ಪಿನ ನೇರ ಅಂಚುಗಳನ್ನು ಅವರಿಂದಲೇ ಮಾಡಿಸಿ. ದಾರ ನೀವೇ ಒಯ್ಯಿರಿ. ಅವರ ಮಷೀನಿನ ಸೂಜಿಯ ಬುಡ ಮನೆಯ ಮಷೀನಿನದಕ್ಕಿಂತ ಬೇರೆ, ಅದಕ್ಕೆ ಹೊಂದುವ 11 ನಂಬರ್ ಸೂಜಿ ಕೇಳಿ ತಗೊಳ್ಳಿ. ಅದೇ ಬಟ್ಟೆಯ ಒಂದು ಮೀಟರ್ ಉದ್ದದ ತುಂಡು ಜೊತೆಗಿರಲಿ, ಮೊದಲು ಅದರ ಮೇಲೆ ಓಡಿಸಿ ನೋಡಲು. ನಡುವಿನ ಜೋಡಣೆಯ ಎರಡೂ ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿ ಒಂದೊಂದು ಗೇಣು ಹೊಲಿಯದೆ ಬಿಡಲು ಹೇಳಿ. ಅಷ್ಟನ್ನು ಮನೆಗೆ ತಂದು ಎರಡು ಸಲದ ಹೊಲಿಗೆಯಲ್ಲಿ ಮುಗಿಸಬಹುದು.