ಬೇಸಿನ್ ಕೆಳಗೆ ಯಾವುದು: ಮಡಿಕೆ ಪೈಪೋ, ಬಾಟಲ್ ಟ್ರ್ಯಾಪೋ?

ನಮ್ಮ ಮನೆಯ ವಾಶ್ ಬೇಸಿನ್‌ಗಳ ಕೆಳಗೆ ಮೂರನ್ನೂ ಹಾಕಿ ನೋಡಿದ್ದೇನೆ: ಮಡಿಕೆ ಮಡಿಕೆಯ ಪಿವಿಸಿ ವೇಸ್ಟ್ ಪೈಪ್, ಕ್ರೋಮ್ ಲೇಪದ ಹಿತ್ತಾಳೆ ಬಾಟಲ್ ಟ್ರ್ಯಾಪ್, ಪ್ಲಾಸ್ಟಿಕ್ ಬಾಟಲ್ ಟ್ರ್ಯಾಪ್. ಬಾಟಲ್ ಟ್ರ್ಯಾಪ್ ಅಂದರೆ ಬಟ್ಟಲಿನಲ್ಲಿ ಸ್ವಲ್ಪ ನೀರು ಹಿಡಿದಿಟ್ಟುಕೊಂಡು ಗಟಾರದ ವಾಸನೆ ತಡೆಯುವ ಭಾಗ. ಮೂರೂ ಬೇಸಿನ್ ತೂತಿಗೆ ಹಾಕುವ 32 ಎಂಎಂ ಕಪ್ಲಿಂಗ್‌ಗೆ ಕೂರುತ್ತವೆ. ಕೊಳ್ಳುವ ಮುಂಚೆ ಬೇಸಿನ್ ನೀರು ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ಬಗ್ಗಿ ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ನೆಲದ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪ್‌ಗೆ ಬೀಳುತ್ತಿದ್ದರೆ ಮಡಿಕೆ ಪೈಪ್ ಧಾರಾಳವಾಗಿ ಸಾಕು. ವಾಸನೆ ತಡೆಯುವ ನೀರು ನಹಾನಿಯಲ್ಲೇ ನಿಂತಿರುತ್ತದೆ. ಬಾಟಲ್ ಟ್ರ್ಯಾಪ್ ಹಾಕಿದರೆ ಸುಮ್ನೆ ಖರ್ಚು. ಪೈಪ್ ಅಗ್ಗ, ಬೇಕಾದ ಕಡೆ ಬಾಗುತ್ತದೆ.

ಅದನ್ನೇ ಗೋಡೆಯೊಳಗಿನ ಡ್ರೈನ್ ಪೈಪಿಗೆ ನೇರವಾಗಿ ಸಿಕ್ಕಿಸಿದರೆ ಮಾತ್ರ ಕಷ್ಟ. ಗಟಾರದ ವಾಸನೆ, ಜಿರಲೆ ಎಲ್ಲಕ್ಕೂ ದಾರಿ ಬಿಟ್ಟಂತೆ. ಪೈಪನ್ನೇ ಬಾಗಿಸಿ ನೀರು ನಿಲ್ಲಿಸಬಹುದು ಅಂತಾರೆ. ಸ್ವಲ್ಪ ಕಾಲ ನಿಲ್ಲುತ್ತದೆ, ಆಮೇಲೆ ಪೈಪ್ ಜೋತುಬಿದ್ದು ಆ ಬಾಗು ಉಳಿಯುವುದಿಲ್ಲ. ಒಳಗಿನ ಮಡಿಕೆಗಳಲ್ಲಿ ಪೇಸ್ಟು, ಸೋಪು, ಕೂದಲು ಸೇರಿ ಬೂದು ಬಣ್ಣದ ಲೋಳೆ ಕಟ್ಟುತ್ತದೆ. ಕಡ್ಡಿ ಹಾಕಿದರೂ ಬರುವುದಿಲ್ಲ.

ಬಾಟಲ್ ಟ್ರ್ಯಾಪ್‌ನಲ್ಲಿ ಈ ಗೋಳಿಲ್ಲ. ಕೆಳಗೊಂದು ಬಕೆಟ್ ಇಟ್ಟು, ಬಟ್ಟಲನ್ನು ತಿರುಗಿಸಿ ಬಿಚ್ಚಿದರೆ ಕೊಳೆಯೆಲ್ಲ ಕೈಗೆ ಸಿಗುತ್ತದೆ. ತೊಳೆದು ಮತ್ತೆ ಹಾಕುವುದಷ್ಟೇ. ಬಿದ್ದ ಮೂಗುತಿಯೂ ಅಲ್ಲೇ ಸಿಕ್ಕಿದ್ದುಂಟು!

ಹಿತ್ತಾಳೆಯದು ನೋಡಲು ಚೆಂದ, ಗಟ್ಟಿ ಕೂಡ. ಕೆಳಭಾಗ ಎದ್ದು ಕಾಣುವ ಬೇಸಿನ್ ಆದರೆ ಅದನ್ನೇ ಹಾಕಿ. ಆದರೆ ನಮ್ಮದು ಬೋರ್‌ವೆಲ್ ನೀರು. ಥ್ರೆಡ್‌ಗಳಲ್ಲಿ ಉಪ್ಪು ಕಟ್ಟಿಕೊಂಡು ಬಟ್ಟಲು ಬಿಚ್ಚಲು ಸ್ಪ್ಯಾನರ್ ಬೇಕಾಗುತ್ತದೆ. ಬಟ್ಟೆ ಸುತ್ತದೆ ಸ್ಪ್ಯಾನರ್ ಹಾಕಿದರೆ ಕ್ರೋಮ್ ಮೇಲೆ ಗೀರು ಬೀಳುತ್ತದೆ. ಪ್ಲಾಸ್ಟಿಕ್‌ನದು ಕೈಯಲ್ಲೇ ಬಿಗಿಯಾಗುತ್ತದೆ, ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ. ಗೋಡೆಗೆ ಹೋಗುವ ಪೈಪ್ ಉದ್ದವಾದರೆ ಹ್ಯಾಕ್ಸಾ ಬ್ಲೇಡಿನಲ್ಲೇ ಕತ್ತರಿಸಬಹುದು. ಕ್ಯಾಬಿನೆಟ್ ಒಳಗೆ ಅಡಗಿರುವ ಬೇಸಿನ್‌ಗೆ, ಅದರಲ್ಲೂ ಮೊದಲ ಸಲ ಕೈ ಹಾಕುವವರಿಗೆ, ನನ್ನ ಓಟು ಇದಕ್ಕೇ. ತುಂಬಾ ಬಿಗಿಮಾಡಬೇಡಿ, ವಾಷರ್ ನೆಟ್ಟಗೆ ಕೂತಿದ್ದರೆ ಸಾಕು.

ಯಾವುದನ್ನೇ ಹಾಕಿ, ಕಪ್ಲಿಂಗ್ ಸರಿಯಾಗಿರಲಿ. ಬೇಸಿನ್‌ನಲ್ಲಿ ಓವರ್‌ಫ್ಲೋ ತೂತಿದ್ದರೆ (ನೀರು ತುಂಬಿ ಚೆಲ್ಲದಂತೆ ಅಂಚಿನ ಬಳಿ ಇರುವಂಥದ್ದು) ಪಕ್ಕದಲ್ಲಿ ಕಿಂಡಿ ಇರುವ ಕಪ್ಲಿಂಗ್ ಬೇಕು. ಇಲ್ಲದಿದ್ದರೆ ಆ ತೂತಿನ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಕೊನೆಗೆ ತೂತಿನ ಮಟ್ಟದವರೆಗೆ ನೀರು ತುಂಬಿಸಿ ಒಮ್ಮೆಲೇ ಬಿಡಿ. ಕೆಳಗೆ ಒಣ ನ್ಯೂಸ್‌ಪೇಪರ್ ಹಾಸಿರಿ. ಬೆರಳಿಗೆ ಸಿಗದ ಸಣ್ಣ ಜಿನುಗೂ ಪೇಪರ್ ಮೇಲೆ ಕಲೆಯಾಗಿ ಕಾಣುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ನೋಡಿದ ಮೇಲೆ ಕ್ಯಾಬಿನೆಟ್‌ಗೆ ಸಾಮಾನು ತುಂಬಿ.